ಅಣಕು ನ್ಯಾಯಾಲಯ ನಾಟಕವಾಗದಿರಲಿ

ಪ್ರಶ್ನೆ: ವಕೀಲಿ ವೃತ್ತಿ ಪರಿಚಯಿಸಲು ಒಂಬತ್ತನೇ ತರಗತಿಯಲ್ಲಿ ಅಣಕು ನ್ಯಾಯಾಲಯ ಮಾಡಿಸಿದೆ. ಮಕ್ಕಳು ಮಾತುಗಳನ್ನು ಉರುಹೊಡೆದು ಒಪ್ಪಿಸಿದರು. ಎಲ್ಲಿ ತಪ್ಪಿದೆ?
– ಸಮಾಜ ವಿಜ್ಞಾನ ಶಿಕ್ಷಕಿ, ಹಾಸನ

ಉತ್ತರ: ಮೇಡಂ, ಸಂಭಾಷಣೆ ಬರೆದುಕೊಟ್ಟದ್ದೇ ತಪ್ಪು. ಕೊಡಬೇಕಾದದ್ದು ಕಡತ. ಸೈಕಲ್ ಕಳವಿನ ಪ್ರಕರಣ ಸಾಕು (ಭಾರತೀಯ ನ್ಯಾಯ ಸಂಹಿತೆ, ಕಲಂ 303): ಒಂದು ದೂರು, ಸ್ಥಳ ಮಹಜರು (ಕಳವಾದ ಜಾಗ ನೋಡಿ ಪೊಲೀಸರು ಬರೆದ ವರದಿ), ಅರ್ಧರ್ಧ ಪುಟದ ನಾಲ್ಕು ಸಾಕ್ಷಿ ಹೇಳಿಕೆ. ಅವುಗಳಲ್ಲಿ ಒಂದು ಬಿರುಕು ಬಚ್ಚಿಡಿ. ‘ರಾತ್ರಿ ಎಂಟಕ್ಕೆ ಬೀದಿದೀಪದ ಬೆಳಕಲ್ಲಿ ಆರೋಪಿಯ ಮುಖ ಕಂಡೆ’ ಎಂದು ಸಾಕ್ಷಿ ಹೇಳಲಿ. ಮಹಜರಿನಲ್ಲಿ ಆ ದೀಪ ಕೆಟ್ಟಿತ್ತೆಂದಿರಲಿ. ಅದನ್ನು ಮಕ್ಕಳೇ ಹುಡುಕಲಿ, ನೀವು ಬಾಯಿಬಿಡಬೇಡಿ.

ಕಡತ ಹತ್ತು ದಿನ ಮೊದಲೇ ಕೈಸೇರಲಿ. ಪ್ರತಿ ಪಕ್ಷಕ್ಕೆ ಮೂವರು ವಕೀಲರು. ತನ್ನ ಸಾಕ್ಷಿಯನ್ನು ಕರೆದವರು ‘ಏನು ನೋಡಿದಿರಿ?’ ಎಂದೇ ಕೇಳಬೇಕು; ಉತ್ತರ ಸೂಚಿಸುವ ಪ್ರಶ್ನೆ ಪಾಟೀ ಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ, ಮೀಸಲು. ಅಲ್ಲಿ ‘ದೀಪ ಉರಿಯುತ್ತಿರಲಿಲ್ಲ, ಅಲ್ಲವೇ?’ ಎಂದು ಕೇಳಿ ಕುಳಿತುಬಿಡಬೇಕು. ‘ಹಾಗಾದರೆ ಹೇಗೆ ಕಂಡಿತು?’ ಎಂದು ಮುಂದುವರಿದರೆ ಸಾಕ್ಷಿ ಬೆಳುದಿಂಗಳ ನೆಪ ಹೇಳಿ ಪಾರಾಗುತ್ತಾನೆ. ಮಕ್ಕಳು ಹೆಚ್ಚಾಗಿ ಎಡವುವುದೇ ಇಲ್ಲಿ.

ಬೆಂಚ್ ಕ್ಲರ್ಕ್ (ನ್ಯಾಯಾಲಯದ ಕಡತ ನೋಡಿಕೊಳ್ಳುವ ಗುಮಾಸ್ತ), ಶೀಘ್ರಲಿಪಿಗಾರರ ಪಾತ್ರಗಳೂ ಇರಲಿ, ಅವೂ ಉದ್ಯೋಗಗಳೇ. ಪಿಯುಸಿ ನಂತರ ಐದು ವರ್ಷದ, ಪದವಿಯ ನಂತರ ಮೂರು ವರ್ಷದ ಕಾನೂನು ಕೋರ್ಸ್ ಇದೆಯೆಂದು ಅಂದೇ ತಿಳಿಸಿ.