ಮೋಟರ್‌ಹೋಮ್ ಗ್ಯಾಸಿಗೆ ಗ್ರಿಲ್: ಉರಿ ಏಕೆ ಮಂದ?

ಪ್ರಶ್ನೆ: ಮೋಟರ್‌ಹೋಮ್‌ನ (ಒಳಗೇ ಅಡುಗೆ, ಮಲಗುವ ವ್ಯವಸ್ಥೆಯಿರುವ ವಾಹನ) ಹೊರಬದಿಯ ಗ್ಯಾಸ್ ಪಾಯಿಂಟ್‌ಗೆ ಗ್ರಿಲ್ ಜೋಡಿಸಿದರೆ ಉರಿ ತೀರಾ ಸಣ್ಣದು. ಬಿಡಿ ಸಿಲಿಂಡರ್ ಹಾಕಿದರೆ ಸರಿಯಾಗಿ ಉರಿಯುತ್ತದೆ. ಏನು ದೋಷ?

ಉತ್ತರ: ಗ್ರಿಲ್ ಕೆಟ್ಟಿಲ್ಲ. ಗ್ಯಾಸ್ ಎರಡು ರೆಗ್ಯುಲೇಟರ್ ದಾಟಿ ಬರುತ್ತಿದೆ. ಆ ಪಾಯಿಂಟ್ ತಲುಪುವ ಮೊದಲೇ ವಾಹನದ ರೆಗ್ಯುಲೇಟರ್ ಒತ್ತಡವನ್ನು ಸುಮಾರು 30 ಮಿಲಿಬಾರ್‌ಗೆ ಇಳಿಸಿರುತ್ತದೆ; ಗ್ರಿಲ್‌ನದು ಅದನ್ನು ಇನ್ನಷ್ಟು ತಗ್ಗಿಸುತ್ತದೆ.

ಗ್ರಿಲ್‌ಗೆ ಅಂಟಿಸಿದ ಲೇಬಲ್ ನೋಡಿ. ಅದರಲ್ಲೂ ಇಷ್ಟೇ ಒತ್ತಡವಿದ್ದು, ತಯಾರಕರು ಒಪ್ಪಿದರೆ, ಗ್ರಿಲ್‌ನ ರೆಗ್ಯುಲೇಟರ್ ತೆಗೆದು ಗ್ಯಾಸಿಗೆಂದೇ ಮಾಡಿದ ಹೋಸ್‌ನಿಂದ ನೇರವಾಗಿ ಜೋಡಿಸಿ. ಹೆಚ್ಚಿನ ಒತ್ತಡ ಬರೆದಿದ್ದರೆ ಈ ಪಾಯಿಂಟ್ ಬೇಡವೇ ಬೇಡ. ಬಿಡಿ ಸಿಲಿಂಡರ್ರೇ ಸರಿ. ರೆಗ್ಯುಲೇಟರ್ ತೆಗೆದ ಮೇಲೆ ಗ್ರಿಲ್ ಅನ್ನು ಸಿಲಿಂಡರ್‌ಗೆ ಎಂದೂ ನೇರವಾಗಿ ಸಿಕ್ಕಿಸಬೇಡಿ, ಬೆಂಕಿ ಭುಗಿಲೇಳುತ್ತದೆ.

ಪ್ರತಿ ಸಲ ಜೋಡಿಸಿದಾಗಲೂ, ಗ್ರಿಲ್‌ನ ನಾಬ್ ಮುಚ್ಚಿಟ್ಟು ಗ್ಯಾಸ್ ಬಿಟ್ಟು, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ತಕ್ಷಣ ಸಿಲಿಂಡರ್ ಬಂದ್ ಮಾಡಿ.