ಆರೂವರೆಯ ಎಳೆಬಿಸಿಲು ಸಾಕಾ, ಡಾಕ್ಟರೇ?

ಪ್ರಶ್ನೆ: ನನ್ನ ಮಗಳಿಗೆ 26 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಯಾವಾಗಲೂ ಸುಸ್ತು, ಬೆನ್ನುನೋವು ಅನ್ನುತ್ತಾಳೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂದಿದೆ. ವಾರಕ್ಕೊಂದರಂತೆ 8 ವಾರಕ್ಕೆ 60,000 ಯೂನಿಟ್‌ನ ಪುಡಿ ಬರೆದುಕೊಟ್ಟಿದ್ದಾರೆ. ನಮ್ಮ ಅತ್ತೆ "ಬೆಳಗ್ಗೆ ಆರೂವರೆಯ ಎಳೆಬಿಸಿಲಿಗೆ ನಿಂತರೆ ಸಾಕು, ಔಷಧಿ ಯಾಕೆ?" ಅನ್ನುತ್ತಾರೆ. ಮಗಳು ಬಂಗು ಜಾಸ್ತಿಯಾಗುತ್ತೆ, ಚರ್ಮದ ಕ್ಯಾನ್ಸರ್ ಬರುತ್ತೆ ಅಂತ ಬಿಸಿಲಿಗೇ ಹೋಗಲ್ಲ. ಯಾರ ಮಾತು ಕೇಳಲಿ, ಡಾಕ್ಟರೇ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನದೇ ರಿಪೋರ್ಟ್ ಕಣ್ಣಮುಂದೆ ಬಂತು. ನಾನಿರುವುದು ರಾಯಚೂರಿನಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಆರು ವರ್ಷದ ಹಿಂದೆ ಮೆಟ್ಟಿಲು ಹತ್ತುವಾಗ ತೊಡೆ ನೋಯತೊಡಗಿತು. ನೋಡಿಸಿದರೆ ವಿಟಮಿನ್ ಡಿ 9! ಬೆಳಗ್ಗೆ ಎಂಟಕ್ಕೆ ಕ್ಲಿನಿಕ್ ಒಳಗೆ ಹೋದರೆ ಹೊರಗೆ ಬರುತ್ತಿದ್ದುದು ಕತ್ತಲಾದ ಮೇಲೆ. ಇದೇ ಊರಿನಲ್ಲಿ ನನ್ನಮ್ಮ ಮಾಳಿಗೆ ಮೇಲೆ ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಒಣಗಿಸುತ್ತಾ ಅರ್ಧ ದಿನ ಬಿಸಿಲಲ್ಲೇ ಇರುತ್ತಿದ್ದರು. ಊರಿಗೆ ಬಿದ್ದ ಬಿಸಿಲು ನನ್ನ ಮೈಗೆ ಬಿದ್ದಿರಲೇ ಇಲ್ಲ. ನಿಮ್ಮ ಮಗಳದ್ದೂ ಅದೇ ಕಥೆ ಅನಿಸುತ್ತದೆ.

ಅತ್ತೆಯವರು ಬಿಸಿಲು ಬೇಕು ಅಂದದ್ದು ಸರಿ, ಹೊತ್ತು ಮಾತ್ರ ಸರಿಯಿಲ್ಲ. ನಮ್ಮ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಯುವಿ-ಬಿ ಎಂಬ ಕಿರಣ ಬೇಕು. ಆರೂವರೆಗೆ ಸೂರ್ಯ ಇನ್ನೂ ಕೆಳಗಿರುತ್ತಾನೆ. ಕಿರಣ ಓರೆಯಾಗಿ ಬರುವುದರಿಂದ ಓಜೋನ್ ಪದರದೊಳಗೆ ಜಾಸ್ತಿ ದೂರ ಸಾಗಬೇಕು, ಯುವಿ-ಬಿ ಬಹುಪಾಲು ಅಲ್ಲೇ ಹೀರಿಹೋಗುತ್ತದೆ. ಎಳೆಬಿಸಿಲಿನ ವಾಕಿಂಗ್ ಬಿಡಬೇಡಿ, ರಾತ್ರಿ ನಿದ್ದೆಗೆ ಅದು ಒಳ್ಳೆಯದು. ಆದರೆ ವಿಟಮಿನ್ ಡಿಗೆ ಅದನ್ನು ನಂಬಬೇಡಿ.

ಗಡಿಯಾರ ನೋಡುವುದಕ್ಕಿಂತ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದಾಗ ಯುವಿ-ಬಿ ಚೆನ್ನಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲಿ ಇದು ಒಂಬತ್ತೂವರೆಗೇ ಆಗುತ್ತದೆ, ಡಿಸೆಂಬರ್‌ನಲ್ಲಿ ಹತ್ತೂವರೆ ದಾಟಬೇಕು. ಮಗಳು ವಾರದಲ್ಲಿ ಮೂರ್ನಾಲ್ಕು ದಿನ 20 ನಿಮಿಷ, ತೋಳು ಮತ್ತು ಮೊಣಕಾಲ ಕೆಳಗಿನ ಕಾಲು ತೆರೆದು ಟೆರೇಸಿನಲ್ಲಿ ಓಡಾಡಲಿ. ಕಪ್ಪು ಮೈಬಣ್ಣವಿದ್ದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಚರ್ಮ ಚುರುಗುಟ್ಟುವ ತನಕ ನಿಲ್ಲಬಾರದು. ಕಡುಬೇಸಿಗೆಯ ನಡುಮಧ್ಯಾಹ್ನವಂತೂ ಬೇಡವೇ ಬೇಡ.

ಬಂಗಿನ ಬಗ್ಗೆ ಮಗಳ ಹೆದರಿಕೆ ನಿಜ, ಬಿಸಿಲಿಗೆ ಅದು ಖಂಡಿತ ಜಾಸ್ತಿಯಾಗುತ್ತದೆ. ಆದರೆ ಮುಖವನ್ನು ಬಿಸಿಲಿಗೆ ಒಡ್ಡಲೇಬೇಕು ಅಂತ ಯಾರು ಹೇಳಿದರು? ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಲಿ, ಅಗಲ ಅಂಚಿನ ಟೋಪಿ ಹಾಕಲಿ. ಕೈಕಾಲಿನ ಚರ್ಮ ಕೆಲಸ ಮಾಡುತ್ತದೆ. ಆಫೀಸಿನ ಗಾಜಿನ ಕಿಟಕಿ ಪಕ್ಕ ಅವಳ ಕುರ್ಚಿ ಇದ್ದರೆ ಜಾಗ ಬದಲಿಸಲಿ. ಗಾಜು ಯುವಿ-ಬಿಯನ್ನು ತಡೆಯುತ್ತದೆ, ಮುಖ ಕಪ್ಪಾಗಿಸುವ ಯುವಿ-ಎ ಮಾತ್ರ ಒಳಗೆ ಬರುತ್ತದೆ.

ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರಬಹುದು ಎಂಬುದೂ ಸುಳ್ಳಲ್ಲ. ಆದರೆ ಬಿಳಿ ಮೈಬಣ್ಣದವರಿಗೆ ಹೋಲಿಸಿದರೆ ನಮ್ಮಲ್ಲಿ ಅದು ತುಂಬಾ ಕಡಿಮೆ. ನನಗೆ ಹೆಚ್ಚು ಚಿಂತೆ ಹೊಲದಲ್ಲಿ ದಿನವಿಡೀ ದುಡಿಯುವವರದು. ಅವರಿಗೆ ಬಿಸಿಲಾಘಾತದ ಭಯ, ವರ್ಷಗಟ್ಟಲೆ ಬಿಸಿಲು ಕುಡಿದ ಕಣ್ಣಿಗೆ ಪೊರೆಯ ಭಯ.

ಇನ್ನು ಪುಡಿ. 11 ಕಡಿಮೆಯೇ. ಬಿಸಿಲೊಂದರಿಂದ ಬೇಗ ಏರುವುದಿಲ್ಲ, ಹಾಗಾಗಿ ಬರೆದುಕೊಟ್ಟದ್ದನ್ನು ತಪ್ಪದೆ ತೆಗೆದುಕೊಳ್ಳಲಿ. ವಾರಕ್ಕೊಂದೇ ಅನ್ನುವುದನ್ನು ಮಾತ್ರ ಮರೆಯಬಾರದು. ನನ್ನ ಬಳಿ ಬಂದ ಒಬ್ಬ ಹಿರಿಯರು ದಿನಕ್ಕೊಂದರಂತೆ ಎರಡು ತಿಂಗಳು ನುಂಗಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಶುರುವಾಗಿ, ಕಿಡ್ನಿಗೂ ಪೆಟ್ಟಾಗಿತ್ತು. ಬಿಸಿಲಿನಿಂದ ಹೀಗಾಗುವುದಿಲ್ಲ. ಜಾಸ್ತಿಯಾದದ್ದನ್ನು ಚರ್ಮವೇ ಕೆಲಸಕ್ಕೆ ಬಾರದ ವಸ್ತುವಾಗಿ ಮಾರ್ಪಡಿಸುತ್ತದೆ.

ಒಂದು ಮಾತು ಕೇಳಿ ತಿಳಿಸಿ: ಮಗಳು ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳಾ? ಹಾಗಿದ್ದರೆ ಚರ್ಮ ಬೇಗ ಸುಡುತ್ತದೆ. ಅದು ಮುಗಿಯುವವರೆಗೆ ಟೆರೇಸ್ ಬೇಡ, ಪುಡಿ ಸಾಕು.