ಪ್ಲಾಸ್ಟಿಕ್ ಬಿಚ್ಚದ ಮೂರು ಪೆಟ್ಟಿಗೆ: ಒಂದು ಆಪ್ತಸಲಹೆ ಪ್ರಕರಣ

(ಬಂದವರ ಒಪ್ಪಿಗೆಯಿಂದ ಬರೆದದ್ದು. ವಯಸ್ಸು, ಉದ್ಯೋಗ, ಮನೆಯವರ ವಿವರ ಬದಲಿಸಿದೆ.)

ಮಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ 29ರ ಯುವಕ. ಮನೆ ಉಡುಪಿ ಕಡೆ, ವಾರದ ದಿನಗಳಲ್ಲಿ ಕದ್ರಿ ಹತ್ತಿರ ಪಿ.ಜಿ.ಯಲ್ಲಿ ವಾಸ. ಕರೆದುಕೊಂಡು ಬಂದದ್ದು ಅಕ್ಕ. ರಾತ್ರಿ ಎರಡರವರೆಗೆ ನಿದ್ದೆ ಇಲ್ಲ, ಗೆಳೆಯರ ಜತೆ ಮಾತು ಬಿಟ್ಟಿದ್ದಾನೆ, ಸಂಬಳ ತಿಂಗಳ ಕೊನೆಯವರೆಗೆ ನಿಲ್ಲುವುದಿಲ್ಲ ಎಂಬುದು ಅವರ ದೂರು. “ಎಂತದೋ ಆಟ ಮೇಡಂ. ಆಡಿದ್ರೆ ಆಡ್ಲಿ, ನಂಗೇನಿಲ್ಲ. ಇವ ಆಡುದಕ್ಕಿಂತ ಜಾಸ್ತಿ ಅದು ಯಾರಿಗೂ ಗೊತ್ತಿಲ್ಲ ಅಂತ ಮರುಗುದೇ ಆಯ್ತು” ಎಂದರು. ಆ ಮಾತನ್ನು ಹಾಗೆಯೇ ಕಡತದಲ್ಲಿ ಬರೆದುಕೊಂಡೆವು.

ಆಟದ ಹೆಸರು ರೂನ್‌ಕ್ವೆಸ್ಟ್, ಅದು ನಡೆಯುವ ಲೋಕ ಗ್ಲೊರಾಂಥಾ. ಕಂಪ್ಯೂಟರ್ ಬೇಡ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ, ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಗೆಲುವು ಸೋಲು ದಾಳದಲ್ಲಿ: ಪಾತ್ರದ ಕತ್ತಿವರಸೆ 65 ಎಂದಿದ್ದರೆ, ಹತ್ತು ಮುಖದ ಎರಡು ದಾಳ (ಒಂದು ಹತ್ತರ ಸ್ಥಾನಕ್ಕೆ, ಒಂದು ಬಿಡಿ ಸ್ಥಾನಕ್ಕೆ) ಸೇರಿ 65 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಅಮೆರಿಕದ ಗ್ರೆಗ್ ಸ್ಟಾಫರ್ಡ್ 1966ರಲ್ಲಿ ಬರೆಯತೊಡಗಿದ ಈ ಲೋಕ 1975ರಲ್ಲಿ ಬೋರ್ಡ್ ಆಟವಾಗಿ, 1978ರಲ್ಲಿ ರೂನ್‌ಕ್ವೆಸ್ಟ್ ಆಗಿ ಬಂತು. 1999ರಲ್ಲಿ ಇದೇ ಲೋಕದ ಮೇಲೆ ಒಂದು ಕಂಪ್ಯೂಟರ್ ಆಟವೂ ಆಯಿತು. ಸ್ಟಾಫರ್ಡ್ ತೀರಿಕೊಂಡದ್ದು 2018ರಲ್ಲಿ, ಆಟದ ಹೊಸ ಆವೃತ್ತಿ ಬಂದದ್ದೂ ಅದೇ ವರ್ಷ. ಅಂದರೆ ಲೋಕ ಜೀವಂತ ಉಂಟು, ನಿಷ್ಠಾವಂತ ಅಭಿಮಾನಿಗಳೂ ಇದ್ದಾರೆ. ಆದರೆ 1974ರಲ್ಲಿ ಶುರುವಾದ ಇದೇ ಬಗೆಯ ಆಟ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ಗೆ ಸಿಕ್ಕ ಹೆಸರಿನ ಮುಂದೆ ಇದರದ್ದು ಏನೂ ಅಲ್ಲ.

ಇಷ್ಟನ್ನು ಸಲಹೆಗಾರರು ತಿಳಿದುಕೊಂಡೇ ಕೂರಬೇಕು. ಇಂಥ ಯುವಕರು ಮೊದಲ ಹತ್ತು ನಿಮಿಷ ತಮ್ಮ ಕಷ್ಟ ಹೇಳುವುದಿಲ್ಲ, ಎದುರಿಗಿದ್ದವರು ನಗುತ್ತಾರೋ ಎಂದು ನೋಡುತ್ತಾರೆ. ಗ್ಲೊರಾಂಥಾದಲ್ಲಿ ಕತ್ತಿ ಹಿಡಿದು ಕಾದುವ, ತಮ್ಮದೇ ದುಃಖದ ಚರಿತ್ರೆ ಇರುವ ಬಾತುಕೋಳಿ ಜನಾಂಗವೊಂದು ಉಂಟು. ಬಾತುಕೋಳಿ ಎಂದಾಗ ಸಲಹೆಗಾರರ ತುಟಿ ಅಲುಗಿತೋ, ಎರಡನೇ ಭೇಟಿ ಮರೆತುಬಿಡಬೇಕು.

ಖಿನ್ನತೆ ಅಳೆಯುವ ಪಿ.ಎಚ್.ಕ್ಯೂ.-9 ಪ್ರಶ್ನಾವಳಿಯ ಅಂಕ 27ಕ್ಕೆ 11, ಆತಂಕ ಅಳೆಯುವ ಜಿ.ಎ.ಡಿ.-7ರ ಅಂಕ 21ಕ್ಕೆ 9. ಮೊದಲನೆಯದು ಮಧ್ಯಮ ಖಿನ್ನತೆಯ ಅಂಚು, ಎರಡನೆಯದು ಸೌಮ್ಯ ಆತಂಕ. ಸಾಯುವ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಹಾಕಿದ್ದ. ಹಾಳೆಯ ಮೇಲಿನ ಸೊನ್ನೆಯನ್ನು ನಂಬಿ ಕೂರಬಾರದು, ಬಾಯಿಬಿಟ್ಟು ಕೇಳಿದೆವು, ಇಲ್ಲ ಎಂದ. ಆ ಉತ್ತರ ಬೇರೆ ಆಗಿದ್ದರೆ ಅಥವಾ ಒಟ್ಟು ಅಂಕ 15 ದಾಟಿದ್ದರೆ ಅದೇ ವಾರ ಮನೋವೈದ್ಯರಿಗೆ ಕಳಿಸುತ್ತಿದ್ದೆವು. ರಾತ್ರಿ ಹೊತ್ತಿಗೆ ಬೇಕಾದರೆ ಎಂದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಕ್ಕನ ಫೋನಿನಲ್ಲೂ ಹಾಕಿಸಿದೆವು.

ಅಕ್ಕ ‘ಗೇಮ್ ಅಡಿಕ್ಷನ್’ ಎಂದೇ ನಂಬಿ ಬಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ.-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಎಂದು ಒಂದು ಉಂಟು. ಅದು ಡಿಜಿಟಲ್ ಮತ್ತು ವಿಡಿಯೋ ಆಟಗಳ ಮಾತು. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟ ಮುಂದಾಗಿರಬೇಕು, ನಷ್ಟ ಕಂಡರೂ ನಿಲ್ಲದಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ಇಲ್ಲಿ ಪರಿಶೀಲಿಸಲು ಸುಲಭ ದಾರಿ ಇತ್ತು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ ಕೊಟ್ಟೆವು: ಎಷ್ಟು ಗಂಟೆಗೆ, ಏನು ಮಾಡಿದೆ, ಎಷ್ಟು ಹೊತ್ತು, ಆಮೇಲೆ ಮನಸ್ಸು ಹೇಗಿತ್ತು. ಏಳು ರಾತ್ರಿಯ ಲೆಕ್ಕ 17 ಗಂಟೆ. ಅದರಲ್ಲಿ ಆಡಿದ್ದು ಸೊನ್ನೆ. ಪೂರಾ 17 ಗಂಟೆ ಹೋದದ್ದು ಗ್ಲೊರಾಂಥಾ ವಿಡಿಯೋಗಳನ್ನು ಎಷ್ಟು ಜನ ನೋಡಿದರು ಎಂದು ಎಣಿಸುವುದಕ್ಕೆ, ಬೇರೆ ಆಟಗಳ ಎಣಿಕೆಯೊಂದಿಗೆ ಹೋಲಿಸುವುದಕ್ಕೆ, ಅಪರಿಚಿತರೊಂದಿಗೆ ವಾದ ಮಾಡುವುದಕ್ಕೆ. ನಾಲ್ಕನೇ ಕಾಲಂನಲ್ಲಿ ಐದು ರಾತ್ರಿ ಒಂದೇ ಪದ: “ಉರಿ”. ಲೆಕ್ಕದ ಮನುಷ್ಯ, ತನ್ನದೇ ಅಂಕಿ ಕೂಡಿಸಿ ನೋಡಿ ಸುಮ್ಮನಾದ. ಆಡುವುದಕ್ಕಿಂತ ಮರುಗುವುದೇ ಜಾಸ್ತಿ ಎಂದ ಅಕ್ಕನ ಮೊದಲ ಮಾತು ಪಕ್ಕಾ ಇತ್ತು.

ಉರಿ ಜೋರಾದದ್ದು 2023ರಲ್ಲಿ. ಆ ವರ್ಷ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಬಂದು, ವರ್ಷದ ಆಟ ಪ್ರಶಸ್ತಿ ಪಡೆದು, ಅದಕ್ಕೆ ಆಧಾರವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೆಸರೇ ಗೊತ್ತಿಲ್ಲದವರ ಬಾಯಲ್ಲೂ ಓಡಾಡಿತು. ಕಚೇರಿಯ ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳು ಅದರ ದೇವರುಗಳ ಬಗ್ಗೆ ಮಾತಾಡುವಾಗ ಈತನಿಗೆ ಚಾ ಇಳಿಯುತ್ತಿರಲಿಲ್ಲವಂತೆ. “ಗ್ಲೊರಾಂಥಾದಲ್ಲಿ ದೇವರು ಅಂದ್ರೆ ಎಂತದು ಅಂತ ಅವ್ರಿಗೆ ಗೊತ್ತುಂಟಾ ಮೇಡಂ? ಒಂದೇ ಒಂದು ಒಳ್ಳೆ ಸೀರೀಸ್ ಬಂದ್ರೆ ಸಾಕಿತ್ತು.” ವಿಚರ್ ಉದಾಹರಣೆ ಅವನ ನಾಲಗೆ ತುದಿಯಲ್ಲಿತ್ತು: ಪೋಲೆಂಡಿನ ಕಥೆಗಳು, 2007ರಲ್ಲಿ ಆಟ, 2019ರಲ್ಲಿ ನೆಟ್‌ಫ್ಲಿಕ್ಸ್ ಸೀರೀಸ್. ಆಗುವುದೇ ಇಲ್ಲ ಎಂದು ಇಂಥವರ ಜತೆ ವಾದಕ್ಕೆ ಇಳಿಯಬಾರದು. ಆಗಲೂಬಹುದು, ಯಾರಿಗೆ ಗೊತ್ತು.

ವಾದದ ಬದಲು ಕೇಳಿದ್ದು ಇದು: ಗ್ಲೊರಾಂಥಾ ಭಾರೀ ಜನಪ್ರಿಯ ಆಗಿದೆ ಅಂದುಕೊಳ್ಳಿ. ಆಮೇಲಿನ ಒಂದು ಶನಿವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಹೇಗಿರುತ್ತದೆ, ಹೊತ್ತು ಹೊತ್ತಿಗೆ ಹೇಳಿ. ಅವನು ಹೇಳಿದ್ದು: ಕ್ಯಾಂಟೀನಿನಲ್ಲಿ ಯಾರೋ ಬಂದು “ನಿಂಗೆ ಇದು ಮೊದ್ಲೇ ಗೊತ್ತಿತ್ತಲ್ಲ ಮಾರಾಯ” ಅನ್ನುತ್ತಾರೆ. ಸಂಜೆ ರೂಮಿನಲ್ಲಿ ನಾಲ್ಕು ಜನ ದಾಳ ಹಿಡಿದು ಕಾಯುತ್ತಿರುತ್ತಾರೆ. ಅಷ್ಟೇ. ಲಕ್ಷಗಟ್ಟಲೆ ಜನ ಎಲ್ಲೂ ಬರಲಿಲ್ಲ. ಕಾಗದದಲ್ಲಿ ಎರಡು ಭಾಗ ಮಾಡಿದೆವು. ನಾಲ್ಕು ಜನ ಬರುವುದು ಕೆಲಸದ ವಿಷಯ, ಕೈಯಲ್ಲಿರುವುದು. “ಮೊದ್ಲೇ ಗೊತ್ತಿತ್ತಲ್ಲ” ಎಂಬುದು ತೀರ್ಪಿನ ವಿಷಯ. ಅದು ಗ್ಲೊರಾಂಥಾದ ಮೇಲಿನ ತೀರ್ಪಲ್ಲ, ಅವನ ಮೇಲಿನದ್ದು.

ಇದೇ ಹೊತ್ತಿಗೆ ಇನ್ನೊಂದು ಪ್ರಶ್ನೆ ಇಟ್ಟೆವು. 2022ರಲ್ಲಿ ಭೂತಕೋಲ ತೋರಿಸಿದ ಸಿನಿಮಾವೊಂದು ದೇಶವೆಲ್ಲ ಓಡಿತು, ಆಗ ನಿಮಗೆ ಹೇಗನಿಸಿತು? ಕುಟುಂಬದ ಮನೆಯಲ್ಲಿ ದೈವ ಇರುವವನು. ಮೊದಲು ಹೆಮ್ಮೆ, ಆಮೇಲೆ ಯಾರ್ಯಾರೋ ಮುಖಕ್ಕೆ ಬಣ್ಣ ಬಳಿದು ಕೂಗಿದ ರೀಲ್ಸ್ ನೋಡಿ ಸಿಟ್ಟು ಬಂತು ಎಂದ. ಗ್ಲೊರಾಂಥಾಕ್ಕೆ ಹೋಲಿಸಿದಾಗ “ಅದು ಬೇರೆ, ಇದು ಬೇರೆ” ಎಂದು ತಳ್ಳಿಹಾಕಿದ. ಒತ್ತಾಯ ಮಾಡಲಿಲ್ಲ. ಮುಂದಿನ ಭೇಟಿಯಲ್ಲಿ ಬ್ಯಾಗ್ ಕೆಳಗಿಡುವ ಮೊದಲೇ ಹೇಳಿದ: “ಫೇಮಸ್ ಆದ್ರೆ ಎಲ್ರೂ ಅದನ್ನು ಬಾತುಕೋಳಿ ಗೇಮ್ ಅಂತ ಹೇಳ್ತಾರೆ.”

ತೀರ್ಪಿನ ಭಾಗಕ್ಕೆ ಬಳಸಿದ್ದು ಸಿ.ಬಿ.ಟಿ. ಎಂಬ ಚಿಕಿತ್ಸಾ ಕ್ರಮದ ಆಲೋಚನಾ ದಾಖಲೆ: ಕಾಡುವ ಯೋಚನೆಯನ್ನು ಬರೆದು, ಅದರ ಪರ-ವಿರುದ್ಧ ಪುರಾವೆ ನೋಡುವುದು. ಸುತ್ತು ಬಳಸಿ ಸಿಕ್ಕ ವಾಕ್ಯ: “ಯಾರಿಗೂ ಬೇಡದ್ದಕ್ಕೆ ನಾನು 11 ವರ್ಷ ಹಾಕಿದೆ.” ನಂಬಿಕೆ 100ಕ್ಕೆ 85. ಪುರಾವೆ ಕೇಳಿದಾಗ ಪೆಟ್ಟಿಗೆಗಳ ಸಂಗತಿ ಹೊರಬಿತ್ತು. ಆಟದ ಸ್ಟಾರ್ಟರ್ ಪೆಟ್ಟಿಗೆಗಳನ್ನು, ಒಳಗೆ ನಾಲ್ಕು ಪುಸ್ತಕ, ಸಿದ್ಧ ಪಾತ್ರದ ಹಾಳೆಗಳು, ದಾಳಗಳು, ಹೊರದೇಶದಿಂದ ತರಿಸಿ ಮೂವರು ಗೆಳೆಯರಿಗೆ ಉಡುಗೊರೆ ಕೊಟ್ಟಿದ್ದ. ಕಸ್ಟಮ್ಸ್ ಸೇರಿ ಖರ್ಚು ತಿಂಗಳ ಸಂಬಳದ ಮೂರನೇ ಒಂದು. ಎಂಟು ತಿಂಗಳ ನಂತರ ಒಬ್ಬನ ಮನೆಗೆ ಹೋದಾಗ ಪೆಟ್ಟಿಗೆ ಟಿ.ವಿ. ಪಕ್ಕದಲ್ಲಿತ್ತು. ಮೇಲಿನ ತೆಳು ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟಿದ್ದರು. ಗೆಳೆಯರ ಜತೆ ಮಾತು ನಿಂತದ್ದು ಆ ದಿನದಿಂದ.

ಎದುರಿನ ಪುರಾವೆಯನ್ನೂ ಬರೆಸಿದೆವು. ಅರ್ಧ ಶತಮಾನ ಜನ ಹಿಡಿದುಕೊಂಡ ಲೋಕ ‘ಯಾರಿಗೂ ಬೇಡದ್ದು’ ಆಗುವುದಿಲ್ಲ. ಪೆಟ್ಟಿಗೆ ಬಿಚ್ಚದವನು ಈತನ ಅಪ್ಪನಿಗೆ ಆಪರೇಷನ್ ಆದಾಗ ಮೂರು ರಾತ್ರಿ ಆಸ್ಪತ್ರೆಯಲ್ಲಿ ಕೂತಿದ್ದ. ನಂಬಿಕೆ 50ಕ್ಕೆ ಇಳಿಯಿತು. ಅಲ್ಲಿಗೆ ಬಿಟ್ಟೆವು. ಸೊನ್ನೆಗೆ ಇಳಿಸಲು ಹೊರಟರೆ ಬಂದವರು ನಮ್ಮನ್ನು ಮೆಚ್ಚಿಸಲು ಅಂಕಿ ಕಡಿಮೆ ಹೇಳುತ್ತಾರೆ, ಅಷ್ಟೇ.

ಇನ್ನು ನಾಲ್ಕು ಜನರ ವಿಷಯ. ಎರಡು ವರ್ಷದಲ್ಲಿ ಒಂಬತ್ತು ಮಂದಿ ಒಮ್ಮೆ ಬಂದು ಮತ್ತೆ ಬಂದಿರಲಿಲ್ಲ. ಲೋಕ ಸರಿ ಇಲ್ಲ ಎಂದು ಅವರು ಹೋದದ್ದಲ್ಲ, ಕೂರಿಸಿದ ರೀತಿ ಹಾಗಿತ್ತು. ಕರೆಯುವ ಮೊದಲು ವಾಟ್ಸಾಪ್‌ನಲ್ಲಿ 40 ಪುಟದ ಪಿ.ಡಿ.ಎಫ್. ಕಳಿಸುತ್ತಿದ್ದ. ಜನ ಬಂದ ಮೇಲೆ ಪಾತ್ರ ಕಟ್ಟುವುದು, ಅದೂ ಈ ಆವೃತ್ತಿಯಲ್ಲಿ ಅಜ್ಜ-ಅಜ್ಜಿಯ ಕಾಲದ ಚರಿತ್ರೆಯಿಂದ ಶುರುವಾಗುತ್ತದೆ, ಎರಡು ಗಂಟೆ ಅದಕ್ಕೇ ಹೋಯಿತು. ಏಳಕ್ಕೆ ಶುರುವಾದ ಆಟ ಹನ್ನೊಂದಾದರೂ ಮುಗಿಯದೆ ಬಸ್ಸಿಗೆ ಓಡಬೇಕಾದವರು ಗಡಿಯಾರ ನೋಡುತ್ತ ಕೂತರು. ಯಾರಾದರೂ ದೇವರ ಹೆಸರು ತಪ್ಪು ಹೇಳಿದರೆ ತಿದ್ದುವುದು ಬೇರೆ. ಬಾತುಕೋಳಿಗೆ ನಕ್ಕರೆ ಮುಖ ಗಂಟು.

ಹೊಸ ಕ್ರಮ ಹೀಗೆ ನಿಗದಿ ಮಾಡಿದೆವು. ಹದಿನೈದು ದಿನಕ್ಕೊಮ್ಮೆ, ಶನಿವಾರ ಮೂರರಿಂದ ಆರು. ಆಡುವವರು ನಾಲ್ಕೇ. ಐದನೆಯವರು ಬಂದರೆ ತಮ್ಮ ಸರದಿಗೆ ಕಾಯುವ ಹೊತ್ತು ಹೆಚ್ಚಿ ಎಲ್ಲರೂ ಫೋನ್ ತೆಗೆಯುತ್ತಾರೆ. ಸಿದ್ಧ ಪಾತ್ರದ ಹಾಳೆ ಕೈಗೆ ಕೊಟ್ಟು 15 ನಿಮಿಷದೊಳಗೆ ಮೊದಲ ದಾಳ ಬೀಳಬೇಕು. ಕಥೆ ಒಂದೇ ಊರು, ಒಂದೇ ತಕರಾರು: ಪಕ್ಕದ ಕುಲದವರು ದನ ಕದ್ದಿದ್ದಾರೆ, ನಾಳೆಯೊಳಗೆ ತರಬೇಕು. ದನಗಳವು ಆ ಲೋಕದಲ್ಲಿ ನಿಜಕ್ಕೂ ದೊಡ್ಡ ವ್ಯವಹಾರ, ಹಾಗಾಗಿ ಇದು ಲೋಕಕ್ಕೆ ಮೋಸವೂ ಅಲ್ಲ. ಯಾರೂ ಕೇಳದೆ ಚರಿತ್ರೆ ಹೇಳುವಂತಿಲ್ಲ, ಕೇಳಿದರೆ ಎರಡು ವಾಕ್ಯ. ನಕ್ಕರೆ ಜತೆಯಲ್ಲಿ ನಗಬೇಕು. ಈ ಕೊನೆಯದನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು.

ಆಟ ಏನೆಂದು ಹೊಸಬರಿಗೆ ಹೇಳುವ ಮಾತು ಅವನ ಮನೆಯಿಂದಲೇ ಸಿಕ್ಕಿತು. ಸೋದರಮಾವ ಹವ್ಯಾಸಿ ಅರ್ಥಧಾರಿ. “ತಾಳಮದ್ದಳೆ ಉಂಟಲ್ಲ, ವೇಷ ಇಲ್ದೆ ಕೂತು ಪಾತ್ರ ಆಗಿ ಅಲ್ಲೇ ಮಾತು ಹುಟ್ಟಿಸುದು? ಅದೇ. ಭಾಗವತ ನಾನು. ಪ್ರಸಂಗದ ಕೊನೆ ಮಾತ್ರ ಯಾರಿಗೂ ಗೊತ್ತಿಲ್ಲ, ದಾಳ ಹೇಳ್ತದೆ.” ಕರಾವಳಿಯಲ್ಲಿ ಬೆಳೆದವರಿಗೆ ಮೂರು ವಾಕ್ಯಕ್ಕೆ ಅರ್ಥವಾಗುತ್ತದೆ, 40 ಪುಟಕ್ಕೆ ಆಗದ್ದು. ಮಾವ ಹದಿನೈದು ಜನರ ಮುಂದೆ ಅರ್ಥ ಹೇಳಿ ಖುಷಿಯಲ್ಲಿ ಬರುತ್ತಾರಲ್ಲ ಎಂದು ನಾವು ಹೇಳಹೊರಟಾಗ ತಕ್ಷಣ ತಡೆದ: “ಮಾವನಿಗೆ ವಾರಕ್ಕೊಮ್ಮೆ ಸಂಘ ಉಂಟು ಮೇಡಂ. ನಂಗೆ ಎಂತ ಉಂಟು?” ಅವನು ಹೇಳಿದ್ದೇ ಸರಿ. ಹೋಲಿಕೆ ಕೈಬಿಟ್ಟೆವು.

ನಿದ್ದೆಗೆ ಹೊಸತೇನಿಲ್ಲ: ಬೆಳಿಗ್ಗೆ ರಜೆ ದಿನವೂ 6.30ಕ್ಕೆ ಏಳುವುದು, ರಾತ್ರಿ 11.30ಕ್ಕೆ ಫೋನ್ ಮಂಚದಿಂದ ಕೈಗೆಟುಕದ ಪ್ಲಗ್ಗಿಗೆ ಹೋಗುವುದು, 20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಕುರ್ಚಿಯಲ್ಲಿ ಕೂರುವುದು. ಎಣಿಕೆ ನೋಡುವುದನ್ನು ಪೂರ್ತಿ ನಿಲ್ಲಿಸಿ ಎನ್ನಲಿಲ್ಲ. ಬುಧವಾರ, ಭಾನುವಾರ ಸಂಜೆ 20 ನಿಮಿಷ, ಅಲಾರಂ ಇಟ್ಟು. ಪುಸ್ತಕ-ದಾಳಕ್ಕೆ ತಿಂಗಳಿಗೆ 1,500 ರೂಪಾಯಿ ಮಿತಿ, ಉಡುಗೊರೆ ಪೂರ್ತಿ ಬಂದ್.

ಅಕ್ಕನಿಗೆ ಹೇಳಿದ್ದು ಎರಡೇ. ‘ಆ ಆಟ ಬಿಡು’ ಎನ್ನಬೇಡಿ, ಅವನು ಬಿಡಬೇಕಾದದ್ದು ಎಣಿಕೆಯನ್ನು. ಆಡಿದ ದಿನ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ “ಇವತ್ತು ದನ ಸಿಕ್ಕಿತಾ?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಬೇರೆ ಮಾತು ತೆಗೆಯಬೇಡಿ. “ಎಷ್ಟು ಹೊತ್ತು ಹೇಳ್ತಾನೋ ದೇವರೇ” ಎಂದು ನಕ್ಕರು, ಆದರೆ ಮಾಡಿದರು.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಮೊದಲ ಶನಿವಾರಕ್ಕೆ ಮುಂಚೆ ಪಿ.ಡಿ.ಎಫ್. ಕಳಿಸಬೇಡ ಎಂದದ್ದಕ್ಕೆ 14 ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದ. ಎರಡನೇ ಬಾರಿ ಜೋರು ಮಳೆ, ಒಬ್ಬನ ಮನೆಯಲ್ಲಿ ತಂಗಿಯ ನಿಶ್ಚಿತಾರ್ಥ, ಆಟ ರದ್ದು. ಆ ರಾತ್ರಿ ಮೂರರವರೆಗೆ ಎಣಿಕೆ, ವಾದ, ಉರಿ. ರದ್ದಾದ ದಿನಕ್ಕೆ ಏನು ಮಾಡಬೇಕೆಂದು ನಾವೇ ಮೊದಲು ಯೋಚಿಸಬೇಕಿತ್ತು. ಆಮೇಲೆ ಸೇರಿಸಿದ್ದು: ಇಬ್ಬರು ಬಂದರೂ ಆಡುವುದು, ಒಬ್ಬರೂ ಬರದಿದ್ದರೆ ಪೆಟ್ಟಿಗೆಯಲ್ಲೇ ಇರುವ ಒಂಟಿಯಾಗಿ ಆಡುವ ಪುಸ್ತಕ ಒಂದು ಗಂಟೆ, ಬಳಿಕ ರೂಮಿನಿಂದ ಹೊರಗೆ.

ಹತ್ತು ವಾರ, ಏಳು ಭೇಟಿ. ಪಿ.ಎಚ್.ಕ್ಯೂ. 5ಕ್ಕೆ, ಜಿ.ಎ.ಡಿ. 4ಕ್ಕೆ ಬಂದಿದೆ. ನಿದ್ದೆ ಬಹುತೇಕ ಹನ್ನೆರಡರ ಒಳಗೆ. ಮೂವರು ಖಾಯಂ ಬರುತ್ತಾರೆ, ನಾಲ್ಕನೆಯ ಜಾಗಕ್ಕೆ ಇನ್ನೂ ಯಾರೂ ನಿಂತಿಲ್ಲ. ಬರುವವರಲ್ಲಿ ಒಬ್ಬಳು ಬಾತುಕೋಳಿ ಪಾತ್ರವನ್ನೇ ಕೇಳಿ ತೆಗೆದುಕೊಂಡಿದ್ದಾಳೆ. ಕ್ಯಾಂಟೀನಿನಲ್ಲಿ ಬಾಲ್ಡರ್ಸ್ ಗೇಟ್ ಮಾತು ಬಂದಾಗ ಈಗಲೂ ಚಾ ಅರ್ಧಕ್ಕೆ ಬಿಡುತ್ತಾನಂತೆ.

ಪೆಟ್ಟಿಗೆಗಳ ಪೈಕಿ ಒಂದನ್ನು ವಾಪಸ್ ಕೇಳಿ ಪಡೆದು ಮಾರಿದ. ಇನ್ನೊಂದನ್ನು ಬಿಚ್ಚಿದ್ದಾಯಿತು, ಈಗ ಶನಿವಾರದ ಮೇಜಿನ ಮೇಲಿರುವುದು ಅದೇ. ಮೂರನೆಯದು ಗೆಳೆಯನ ಮನೆಯ ಸೆಟ್‌ಟಾಪ್ ಬಾಕ್ಸಿನ ಕೆಳಗೇ ಉಂಟು. ಅಲ್ಲಿಗೆ ಊಟಕ್ಕೆ ಹೋಗುವುದು, ಪೆಟ್ಟಿಗೆಯ ವಿಷಯ ಎತ್ತದಿರುವುದು ಎಂದು ಮಾತಾಗಿದೆ. ಎರಡು ಸಲ ಹೋಗಿ ಬಂದಿದ್ದಾನೆ, ಎತ್ತಿಲ್ಲ. ಮುಂದಿನ ಭೇಟಿ ಆರು ವಾರಕ್ಕೆ.